ಮಸೂದೆಗಳನ್ನು ಓದಿದ ಶಾಸಕ: ನ್ಯೂಯಾರ್ಕಿನ ಆಲ್ ಸ್ಮಿತ್

(ಶಾಸನಸಭೆಗಳ ಇತಿಹಾಸ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ರಾಜಕಾರಣ ಎಂದ ಕೂಡಲೇ ನಮ್ಮ ಕಣ್ಣು ಶ್ವೇತಭವನದ ಕಡೆ ಹೋಗುತ್ತದೆ. ನಾನು ಇಂದು ಮಾತಿಗೆ ಆರಿಸಿಕೊಂಡಿರುವ ವ್ಯಕ್ತಿ ಅಲ್ಲಿಗೆ ತಲುಪಲಿಲ್ಲ. 1928ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ, ಹರ್ಬರ್ಟ್ ಹೂವರ್ ಎದುರು ಭಾರೀ ಅಂತರದಿಂದ ಸೋತವರು ಅವರು. ಇತಿಹಾಸದ ಪುಸ್ತಕಗಳಲ್ಲಿ ಆಲ್‌ಫ್ರೆಡ್ ಎಮಾನ್ಯುಯೆಲ್ ಸ್ಮಿತ್ ಎಂಬ ಹೆಸರು ಬರುವುದೇ ಹೆಚ್ಚಾಗಿ ಆ ಸೋಲಿನ ಕಾರಣಕ್ಕೆ. ಇದು ಅವರಿಗೆ ಆಗಿರುವ ಅನ್ಯಾಯ ಎಂದು ನಾನು ಬಲವಾಗಿ ನಂಬುತ್ತೇನೆ. ಅವರ ನಿಜವಾದ ಕೆಲಸ ನಡೆದದ್ದು ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ, 1904ರಿಂದ 1928ರವರೆಗೆ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟ ಒಬ್ಬ ಮನುಷ್ಯ ರಾಜ್ಯದ ಶಾಸನಸಭೆಯಲ್ಲಿ ಕುಳಿತು, ಮುಂದೆ ಇಡೀ ದೇಶ ಅನುಸರಿಸಿದ ಕಾರ್ಮಿಕ ಕಾನೂನುಗಳಿಗೆ ದಾರಿ ಮಾಡಿಕೊಟ್ಟದ್ದು ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ಸ್ಮಿತ್ ಹುಟ್ಟಿದ್ದು 1873ರ ಡಿಸೆಂಬರ್ 30ರಂದು, ಮ್ಯಾನ್‌ಹಟನ್‌ನ ಕೆಳತುದಿಯ ಸೌತ್ ಸ್ಟ್ರೀಟ್‌ನಲ್ಲಿ. ಎದುರಿಗೆ ಹಡಗುಕಟ್ಟೆ, ತಲೆಯ ಮೇಲೆ ಆಗಿನ್ನೂ ಕಟ್ಟುತ್ತಿದ್ದ ಬ್ರೂಕ್ಲಿನ್ ಸೇತುವೆ. ತಂದೆ ಸರಕು ಸಾಗಿಸುವ ಕುದುರೆಗಾಡಿ ನಡೆಸುತ್ತಿದ್ದರು. ತಾಯಿ ಐರಿಷ್ ಮೂಲದ ಕ್ಯಾಥೊಲಿಕ್ ಹೆಣ್ಣುಮಗಳು. 1886ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಹದಿಮೂರು ತುಂಬಿರಲಿಲ್ಲ. ತಾಯಿ ಕೊಡೆ ತಯಾರಿಸುವ ಕಾರ್ಖಾನೆಗೆ ಕೆಲಸಕ್ಕೆ ಹೋದರು, ಆಮೇಲೆ ಒಂದು ಸಣ್ಣ ಅಂಗಡಿ ಇಟ್ಟರು. ಎಂಟನೆಯ ತರಗತಿ ಮುಗಿಯುವ ಮೊದಲೇ ಹುಡುಗ ಶಾಲೆ ಬಿಟ್ಟ.

ಮುಂದೆ ಹೊಟ್ಟೆಪಾಡಿಗಾಗಿ ಮಾಡಿದ ಕೆಲಸಗಳಲ್ಲಿ ಮುಖ್ಯವಾದದ್ದು ಫುಲ್ಟನ್ ಮೀನು ಮಾರುಕಟ್ಟೆಯ ಗುಮಾಸ್ತಗಿರಿ. ಬೆಳಗಿನ ಜಾವ ನಾಲ್ಕಕ್ಕೆ ಕೆಲಸ ಶುರುವಾದರೆ ಬಿಡುವಾಗುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಶುಕ್ರವಾರ ಕ್ಯಾಥೊಲಿಕರು ಮಾಂಸ ತಿನ್ನದ ದಿನ, ಮೀನಿಗೆ ಬೇಡಿಕೆ ಹೆಚ್ಚು. ಅಂದು ಮೂರು ಗಂಟೆಗೇ ಹಾಜರಾಗಬೇಕಿತ್ತು. ವಾರಕ್ಕೆ 12 ಡಾಲರ್ ಸಂಬಳ, ಜತೆಗೆ ಮನೆಗೆ ಬೇಕಾದಷ್ಟು ಮೀನು. ವರ್ಷಗಳ ನಂತರ ಒಮ್ಮೆ ಶಾಸನಸಭೆಯಲ್ಲಿ ಸದಸ್ಯರು ತಾವು ಯಾವ ವಿಶ್ವವಿದ್ಯಾಲಯದವರು ಎಂದು ಒಬ್ಬೊಬ್ಬರಾಗಿ ಹೇಳಿಕೊಳ್ಳುತ್ತಿದ್ದರಂತೆ. ಸ್ಮಿತ್ ಎದ್ದು ನಿಂತು, ತಾನು ‘ಎಫ್.ಎಫ್.ಎಂ.’ ಪದವೀಧರ ಎಂದರು. ಅದೇನೆಂದು ಕೇಳಿದಾಗ ಬಂದ ಉತ್ತರ: ಫುಲ್ಟನ್ ಫಿಶ್ ಮಾರ್ಕೆಟ್. ಆ ಮಾತಿನಲ್ಲಿ ಕೀಳರಿಮೆ ಇರಲಿಲ್ಲ. ತಾನು ಎಲ್ಲಿಂದ ಬಂದೆ ಎಂಬುದನ್ನು ಅವರು ಎಂದೂ ಮುಚ್ಚಿಡಲಿಲ್ಲ.

ರಾಜಕೀಯಕ್ಕೆ ಅವರನ್ನು ಕರೆತಂದದ್ದು ಟ್ಯಾಮನಿ ಹಾಲ್. ಇದು ಮ್ಯಾನ್‌ಹಟನ್‌ನ ಡೆಮಾಕ್ರಟಿಕ್ ಪಕ್ಷದ ಸಂಘಟನೆ, ಭ್ರಷ್ಟಾಚಾರಕ್ಕೆ ಹೆಸರಾದದ್ದು. ಆದರೆ ಹಡಗುಕಟ್ಟೆಯ ಬೀದಿಗಳಲ್ಲಿ ವಾಸವಾಗಿದ್ದ ವಲಸಿಗ ಕುಟುಂಬಕ್ಕೆ ಚಳಿಗಾಲದಲ್ಲಿ ಕಲ್ಲಿದ್ದಲು ಕೊಡಿಸುತ್ತಿದ್ದವರು, ಮಗನಿಗೆ ಕೆಲಸ ಹುಡುಕುತ್ತಿದ್ದವರು, ಪೊಲೀಸರು ಹಿಡಿದರೆ ಬಿಡಿಸಲು ಬರುತ್ತಿದ್ದವರು, ಸತ್ತರೆ ಶವಸಂಸ್ಕಾರಕ್ಕೆ ನಿಲ್ಲುತ್ತಿದ್ದವರು ಆ ಸಂಘಟನೆಯ ಜನರೇ. ಬದಲಿಗೆ ಅವರು ಕೇಳುತ್ತಿದ್ದದ್ದು ಮತ. ಸರ್ಕಾರ ಮಾಡದ ಕೆಲಸವನ್ನು ಪಕ್ಷ ಮಾಡುತ್ತಿತ್ತು, ಅದಕ್ಕೆ ತಕ್ಕ ಬೆಲೆಯನ್ನೂ ವಸೂಲು ಮಾಡುತ್ತಿತ್ತು. ಆ ವಾರ್ಡಿನ ಮುಖಂಡ ಟಾಮ್ ಫೋಲಿ ಒಬ್ಬ ಹೆಂಡದಂಗಡಿಯ ಮಾಲೀಕ. ಚರ್ಚಿನ ನಾಟಕಗಳಲ್ಲಿ ಅಭಿನಯಿಸಿ ಕಂಠ ಪಳಗಿಸಿಕೊಂಡಿದ್ದ ಸ್ಮಿತ್ ಅವರ ಮೇಲೆ ಆತನ ಕಣ್ಣು ಬಿತ್ತು. 1895ರಲ್ಲಿ ನ್ಯಾಯದರ್ಶಿಗಳಿಗೆ ಸಮನ್ಸ್ ತಲುಪಿಸುವ ಸರ್ಕಾರಿ ಕೆಲಸ ಸಿಕ್ಕಿತು. 1903ರ ಚುನಾವಣೆಯಲ್ಲಿ ರಾಜ್ಯ ಶಾಸನಸಭೆಯ ಕೆಳಮನೆಯಾದ ಅಸೆಂಬ್ಲಿಯ ಟಿಕೆಟ್ಟೂ ಸಿಕ್ಕಿತು. ಆ ಕ್ಷೇತ್ರದಲ್ಲಿ ಟ್ಯಾಮನಿ ಟಿಕೆಟ್ ಸಿಕ್ಕರೆ ಗೆದ್ದಂತೆಯೇ.

1904ರ ಜನವರಿಯಲ್ಲಿ ಆಲ್ಬನಿಗೆ ಹೋದ ಸ್ಮಿತ್ ಅವರಿಗೆ ಅಲ್ಲಿ ಏನು ನಡೆಯುತ್ತಿದೆ ಎಂಬುದೇ ತಿಳಿಯಲಿಲ್ಲ. ಅವರು ವಿರೋಧ ಪಕ್ಷದವರು, ಅದರಲ್ಲೂ ಹಿಂದಿನ ಸಾಲಿನವರು. ಮೇಜಿನ ಮೇಲೆ ಬಂದು ಬೀಳುತ್ತಿದ್ದ ಮಸೂದೆಗಳ ಭಾಷೆ ಅರ್ಥವಾಗುತ್ತಿರಲಿಲ್ಲ. ಎರಡನೆಯ ಅವಧಿಯಲ್ಲಿ ಅವರನ್ನು ಬ್ಯಾಂಕುಗಳ ಸಮಿತಿಗೂ ಅರಣ್ಯ ಸಮಿತಿಗೂ ಹಾಕಿದರು. ಸಮನ್ಸ್ ಕೊಡಲು ಹೋದದ್ದು ಬಿಟ್ಟರೆ ತಾನು ಬ್ಯಾಂಕಿನೊಳಗೆ ಕಾಲಿಟ್ಟವನಲ್ಲ, ಕಾಡನ್ನಂತೂ ಕಂಡವನೇ ಅಲ್ಲ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮನಸ್ಸು ಮುರಿದು ಎಲ್ಲ ಬಿಟ್ಟುಬಿಡುವ ಯೋಚನೆಯಲ್ಲಿದ್ದಾಗ ಫೋಲಿ ನಗರದಲ್ಲಿ ಬೇರೆ ಹುದ್ದೆ ಕೊಡಿಸುವ ಮಾತಾಡಿದರು. ಸ್ಮಿತ್ ಒಪ್ಪಲಿಲ್ಲ. ಸೋತು ಹಿಂತಿರುಗಿದ ಎನ್ನಿಸಿಕೊಳ್ಳಲು ಅವರು ಸಿದ್ಧರಿರಲಿಲ್ಲ.

ಮುಂದೆ ಅವರು ಮಾಡಿದ್ದು ಬಹಳ ಸರಳವಾದ ಕೆಲಸ, ಆದರೆ ಮಾಡುವವರು ವಿರಳ. ಪ್ರತಿ ರಾತ್ರಿ ಕೋಣೆಗೆ ಮರಳಿ ಅಂದು ಮಂಡನೆಯಾದ ಮಸೂದೆಗಳನ್ನು ಓದತೊಡಗಿದರು. ಒಂದು ಮಸೂದೆ ಹಳೆಯ ಕಾನೂನಿನ ಯಾವುದೋ ಕಲಮನ್ನು ತಿದ್ದುತ್ತದೆ ಎಂದಿದ್ದರೆ ಆ ಹಳೆಯ ಕಾನೂನನ್ನು ಹುಡುಕಿ ಓದುವುದು, ಅದು ಇನ್ನೊಂದನ್ನು ಉಲ್ಲೇಖಿಸಿದರೆ ಅದನ್ನೂ ತೆರೆಯುವುದು. ವೆಚ್ಚದ ಮಸೂದೆ ಬಂದರೆ ಪ್ರತಿಯೊಂದು ಬಾಬತ್ತನ್ನೂ ನೋಡುವುದು. ಯಾವ ಇಲಾಖೆಗೆ ಎಷ್ಟು ಹಣ, ಯಾವ ಆಸ್ಪತ್ರೆಯ ಚಾವಣಿ ದುರಸ್ತಿಗೆ ಎಷ್ಟು, ಯಾವ ಹುದ್ದೆ ಯಾರಿಗಾಗಿ ಸೃಷ್ಟಿಯಾಗಿದೆ, ಎಲ್ಲವೂ ಹೀಗೆಯೇ ಅವರ ತಲೆಗೆ ಹತ್ತಿತು. ಕೆಲವೇ ವರ್ಷಗಳಲ್ಲಿ ರಾಜ್ಯದ ಆಡಳಿತವನ್ನು ಅರೆದು ಕುಡಿದವರಾದರು. ಎರಡೂ ಪಕ್ಷಗಳವರು ಅನುಮಾನ ಬಂದಾಗ ಅವರನ್ನು ಕೇಳುವಂತಾಯಿತು. 1911ರಲ್ಲಿ ಡೆಮಾಕ್ರಟರಿಗೆ ಬಹುಮತ ಬಂದಾಗ ಅಸೆಂಬ್ಲಿಯ ಬಹುಮತದ ನಾಯಕ ಅವರೇ. ಸೆನೆಟ್ಟಿನ ನಾಯಕ ಅವರ ಗೆಳೆಯ ರಾಬರ್ಟ್ ವ್ಯಾಗ್ನರ್, ಜರ್ಮನಿಯಿಂದ ಬಾಲ್ಯದಲ್ಲಿ ವಲಸೆ ಬಂದವರು. ಆಗ ಸ್ಮಿತ್‌ಗೆ ಮೂವತ್ತೇಳು, ವ್ಯಾಗ್ನರ್‌ಗೆ ಮೂವತ್ಮೂರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಅಲ್ಲಿಯವರೆಗೆ ಸ್ಮಿತ್ ಸುಧಾರಕರಾಗಿರಲಿಲ್ಲ. ಟ್ಯಾಮನಿ ಹೇಳಿದಂತೆ ಮತ ಹಾಕುತ್ತಿದ್ದರು. ಗವರ್ನರ್ ಚಾರ್ಲ್ಸ್ ಎವಾನ್ಸ್ ಹ್ಯೂಸ್ ಅಭ್ಯರ್ಥಿಗಳ ಆಯ್ಕೆಯನ್ನು ಪಕ್ಷದ ಮುಖಂಡರ ಕೈಯಿಂದ ಬಿಡಿಸಿ ಮತದಾರರಿಗೆ ಕೊಡಲು ಹೊರಟಾಗ ಅದನ್ನು ವಿರೋಧಿಸಿದವರಲ್ಲಿ ಇವರೂ ಒಬ್ಬರು. ಅವರಲ್ಲಿ ಜ್ಞಾನವಿತ್ತು. ಅದನ್ನು ಯಾವುದಕ್ಕೆ ಬಳಸಬೇಕು ಎಂಬುದು ಆಗಿನ್ನೂ ತೀರ್ಮಾನವಾಗಿರಲಿಲ್ಲ.

1911ರ ಮಾರ್ಚ್ 25, ಶನಿವಾರ. ಸಂಜೆ ಕೆಲಸ ಬಿಡುವ ಹೊತ್ತು. ಮ್ಯಾನ್‌ಹಟನ್‌ನ ಹತ್ತು ಅಂತಸ್ತಿನ ಆಶ್ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿ ಟ್ರಯಾಂಗಲ್ ಎಂಬ ಉಡುಪು ಕಾರ್ಖಾನೆ ಇತ್ತು. ಹೆಂಗಸರ ಕುಪ್ಪಸ ಹೊಲಿಯುವ ಕಾರ್ಖಾನೆ. ಎಂಟನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಬಟ್ಟೆಯ ಚೂರುಗಳ ರಾಶಿಗೆ ತಗುಲಿದ ಬೆಂಕಿ ನಿಮಿಷಗಳಲ್ಲಿ ಮೇಲೇರಿತು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸಗಾರರು ಬಟ್ಟೆ ಕದ್ದು ಒಯ್ಯದಂತೆ ಎಲ್ಲರನ್ನೂ ಒಂದೇ ಬಾಗಿಲಲ್ಲಿ ತಪಾಸಣೆ ಮಾಡಿ ಕಳುಹಿಸುವ ಪದ್ಧತಿ ಅದು. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೆಯ ಅಂತಸ್ತಿನವರೆಗೆ ಮಾತ್ರ ಮುಟ್ಟಿತು. ಹುಡುಗಿಯರು ಕಿಟಕಿಗಳಿಂದ ಹಾರಿದರು. ಸತ್ತವರು 146 ಜನ. ಬಹುಪಾಲು ಇಟಲಿಯಿಂದಲೂ ಪೂರ್ವ ಯುರೋಪಿನಿಂದಲೂ ಬಂದ ಇಟಾಲಿಯನ್ ಮತ್ತು ಯಹೂದಿ ಕುಟುಂಬಗಳ ಹೆಣ್ಣುಮಕ್ಕಳು. ಹದಿನಾಲ್ಕು ವರ್ಷದವರೂ ಇದ್ದರು. ಇದೇ ಕಾರ್ಖಾನೆಯ ಕೆಲಸಗಾರರು 1909ರಲ್ಲಿ ಮುಷ್ಕರ ಹೂಡಿದ್ದರು.

ಮಾಲೀಕರಿಬ್ಬರನ್ನೂ ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. ಬಾಗಿಲಿಗೆ ಬೀಗ ಹಾಕಿದೆ ಎಂಬುದು ಅವರಿಗೆ ಆ ಕ್ಷಣದಲ್ಲಿ ತಿಳಿದಿತ್ತೆಂದು ಸಾಬೀತಾಗಲಿಲ್ಲ. ಕಟ್ಟಡವಂತೂ ಬೆಂಕಿಗೆ ಜಗ್ಗದೆ ನಿಂತಿತು, ಇಂದಿಗೂ ನಿಂತಿದೆ. ಬೆಂಕಿಗೆ ಜಗ್ಗದ ಗೋಡೆಗಳನ್ನು ಕಟ್ಟುವುದು ಜನರಿಗೆ ಗೊತ್ತಿತ್ತು. ಒಳಗಿದ್ದವರನ್ನು ಹೊರಗೆ ತರುವ ಹೊಣೆಯನ್ನು ಮಾತ್ರ ಯಾರೂ ಹೊತ್ತಿರಲಿಲ್ಲ.

ಈ ದುರಂತವಾದ ನಾಲ್ಕೇ ದಿನಕ್ಕೆ, ಮಾರ್ಚ್ 29ರ ನಸುಕಿನಲ್ಲಿ, ಆಲ್ಬನಿಯ ಶಾಸನಭವನದಲ್ಲೇ ಬೆಂಕಿ ಬಿದ್ದು ರಾಜ್ಯ ಗ್ರಂಥಾಲಯ ಸುಟ್ಟುಹೋಯಿತು, ಒಬ್ಬ ಕಾವಲುಗಾರ ಪ್ರಾಣ ಕಳೆದುಕೊಂಡ. ಕಾನೂನು ಮಾಡುವವರ ಕಟ್ಟಡಕ್ಕೇ ರಕ್ಷಣೆ ಇಲ್ಲ ಎಂಬುದು ಎಲ್ಲರಿಗೂ ಕಂಡಿತು.

ಸತ್ತವರ ಕುಟುಂಬಗಳನ್ನು ಕಾಣಲು ಸ್ಮಿತ್ ಮನೆಮನೆಗೆ ಹೋದರು. ಸಾವಿನ ಮನೆಗೆ ಹೋಗುವುದು ಟ್ಯಾಮನಿ ಶಾಸಕನ ದಿನನಿತ್ಯದ ಕರ್ತವ್ಯವೇ ಆಗಿತ್ತು, ಆದರೆ ಈ ಸಾವುಗಳು ಬೇರೆ. ನಗರದ ಗಣ್ಯರು ಸೇರಿ ಒಂದು ಸುರಕ್ಷತಾ ಸಮಿತಿ ರಚಿಸಿಕೊಂಡು ಆಲ್ಬನಿಗೆ ಬಂದಾಗ ಸ್ಮಿತ್ ಅವರಿಗೆ ಕೊಟ್ಟ ಸಲಹೆ ನನಗೆ ಇಡೀ ಕಥೆಯಲ್ಲೇ ಅತ್ಯಂತ ಮುಖ್ಯವಾದದ್ದು ಎನಿಸುತ್ತದೆ. ಗಣ್ಯರ ಆಯೋಗ ಬೇಡ, ಶಾಸಕರ ಆಯೋಗವನ್ನೇ ಮಾಡಿಸಿ ಎಂದರು ಅವರು. ಗಣ್ಯರು ಬರೆದ ವರದಿಯನ್ನು ಶಾಸಕರು ಕಪಾಟಿನಲ್ಲಿಟ್ಟು ಮರೆಯುತ್ತಾರೆ. ತಾವೇ ಓಡಾಡಿ, ತಾವೇ ಬರೆದ ಶಿಫಾರಸುಗಳನ್ನಾದರೆ ಕಾನೂನಾಗಿಸಲು ತಾವೇ ಮುಂದಾಗುತ್ತಾರೆ. ಏಳು ವರ್ಷ ಆ ಸದನದಲ್ಲಿ ಕುಳಿತವನಿಗೆ ಮಾತ್ರ ಹೊಳೆಯುವ ಮಾತು ಇದು.

1911ರ ಜೂನ್ ಕೊನೆಗೆ ಕಾರ್ಖಾನೆ ತನಿಖಾ ಆಯೋಗ ಹುಟ್ಟಿತು. ವ್ಯಾಗ್ನರ್ ಅಧ್ಯಕ್ಷರು, ಸ್ಮಿತ್ ಉಪಾಧ್ಯಕ್ಷರು. ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್, ಮಹಿಳಾ ಕಾರ್ಮಿಕರ ಪರ ದುಡಿಯುತ್ತಿದ್ದ ಮೇರಿ ಡ್ರೈಯರ್ ಸದಸ್ಯರಾಗಿದ್ದರು. ಮೊದಲ ವರ್ಷದಲ್ಲೇ 1,836 ಕಾರ್ಖಾನೆಗಳ ಪರಿಶೀಲನೆ ನಡೆಯಿತು, 222 ಸಾಕ್ಷಿಗಳ ಹೇಳಿಕೆ ದಾಖಲಾಯಿತು.

ಅಂಕಿಗಳಿಗಿಂತ ದೊಡ್ಡ ಕೆಲಸ ಮಾಡಿದವರು ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಯುವತಿ. ಟ್ರಯಾಂಗಲ್ ಕಿಟಕಿಗಳಿಂದ ಹುಡುಗಿಯರು ಬೀಳುವುದನ್ನು ಬೀದಿಯಲ್ಲಿ ನಿಂತು ಕಂಡವರು ಅವರು. ಆಯೋಗದ ಸದಸ್ಯರು ಕಾಗದ ನೋಡಿ ತೃಪ್ತರಾಗಲು ಪರ್ಕಿನ್ಸ್ ಬಿಡಲಿಲ್ಲ. ಸ್ಮಿತ್ ಅವರನ್ನು ಆಬರ್ನ್ ಊರಿನ ಹಗ್ಗದ ಕಾರ್ಖಾನೆಯ ಬಾಗಿಲಿಗೆ ಕರೆದೊಯ್ದು, ರಾತ್ರಿಯಿಡೀ ಹತ್ತು ಗಂಟೆ ದುಡಿದು ಬೆಳಗ್ಗೆ ಹೊರಬರುವ ಹೆಂಗಸರ ಮುಖಗಳನ್ನು ತೋರಿಸಿದರು. ವ್ಯಾಗ್ನರ್ ಅವರನ್ನು ಇನ್ನೊಂದು ಕಾರ್ಖಾನೆಯ ಗೋಡೆಯ ಸಣ್ಣ ಕಿಂಡಿಯ ಮೂಲಕ ನುಸುಳಿಸಿದರು. ಬೆಂಕಿ ಬಿದ್ದಾಗ ಪಾರಾಗುವ ದಾರಿ ಎಂದು ಅದಕ್ಕೆ ಹೆಸರು. ಆಚೆ ಇದ್ದದ್ದು ಮಂಜುಗಟ್ಟಿದ ಏಣಿ. ಅದೂ ನೆಲಕ್ಕೆ ಹನ್ನೆರಡು ಅಡಿ ಮೇಲೆಯೇ ಮುಗಿದುಹೋಗಿತ್ತು. ತರಕಾರಿ ಡಬ್ಬಿ ತುಂಬುವ ಕಾರ್ಖಾನೆಗಳಲ್ಲಿ ನಸುಕಿನಲ್ಲೇ ಬೀನ್ಸ್ ಬಿಡಿಸಲು ಕುಳಿತ ಪುಟ್ಟ ಮಕ್ಕಳನ್ನು ಇವರು ಕಣ್ಣಾರೆ ಕಂಡರು.

ನಂತರದ ಎರಡು ಅಧಿವೇಶನಗಳಲ್ಲಿ, ಮುಖ್ಯವಾಗಿ 1913ರಲ್ಲಿ, ಕಾನೂನುಗಳ ಸಾಲೇ ಬಂತು. ಕೆಲಸದ ಹೊತ್ತಿನಲ್ಲಿ ಬಾಗಿಲುಗಳಿಗೆ ಬೀಗ ಹಾಕಕೂಡದು. ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಎತ್ತರದ ಕಾರ್ಖಾನೆಗಳಲ್ಲಿ ಬೆಂಕಿ ನಂದಿಸುವ ನೀರಿನ ಸ್ಪ್ರಿಂಕ್ಲರ್ ಇರಬೇಕು, ಅಗ್ನಿ ಅಣಕು ಕವಾಯತು ನಡೆಯಬೇಕು. ಹೆಂಗಸರಿಗೆ ವಾರಕ್ಕೆ 54 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ರಾತ್ರಿಪಾಳಿ ಇಲ್ಲ. ರಾಜ್ಯದ ಕಾರ್ಮಿಕ ಇಲಾಖೆಯನ್ನೇ ಹೊಸದಾಗಿ ಕಟ್ಟಲಾಯಿತು. ತನಿಖಾಧಿಕಾರಿಗಳ ಸಂಖ್ಯೆ ಏರಿತು. ವಾರಕ್ಕೊಂದು ದಿನ ರಜೆ ಕೊಡಬೇಕೆಂಬ ಮಸೂದೆಯಿಂದ ತಮಗೆ ವಿನಾಯಿತಿ ಬೇಕೆಂದು ಡಬ್ಬಿ ಕಾರ್ಖಾನೆಗಳ ಮಾಲೀಕರು ಪಟ್ಟುಹಿಡಿದಾಗ ಸ್ಮಿತ್ ಆಡಿದ ಮಾತು ಅಮೆರಿಕದ ಶಾಸನಸಭೆಗಳ ಇತಿಹಾಸದಲ್ಲಿ ಉಳಿದುಕೊಂಡಿದೆ. ಸಬ್ಬತ್ ದಿನವನ್ನು ಪವಿತ್ರವಾಗಿ ಆಚರಿಸು ಎಂಬ ದೇವರ ಆಜ್ಞೆಯನ್ನು ತಾನು ಗಮನವಿಟ್ಟು ಓದಿರುವುದಾಗಿಯೂ, ‘ಡಬ್ಬಿ ಕಾರ್ಖಾನೆಗಳನ್ನು ಹೊರತುಪಡಿಸಿ’ ಎಂಬ ಮಾತು ಅದರಲ್ಲೆಲ್ಲೂ ಕಾಣಲಿಲ್ಲವೆಂದೂ ಅವರು ಹೇಳಿದರು. ಅಷ್ಟೇ ಭಾಷಣ. ಮಸೂದೆಯ ಉಪಕಲಮುಗಳನ್ನು ವರ್ಷಗಟ್ಟಲೆ ಓದಿದವನಿಗೆ ಯಾವ ವಿನಾಯಿತಿ ಯಾರ ಹಿತಕ್ಕೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಟ್ಯಾಮನಿಯ ಮುಖ್ಯಸ್ಥ ಚಾರ್ಲ್ಸ್ ಮರ್ಫಿ ಇದಕ್ಕೆಲ್ಲ ಒಪ್ಪಿದ್ದೇಕೆ? ಆತ ಲೆಕ್ಕಾಚಾರದ ಮನುಷ್ಯ. ಅದೇ ಬಡಾವಣೆಗಳಲ್ಲಿ ಸೋಷಲಿಸ್ಟರಿಗೆ ಮತ ಹೆಚ್ಚುತ್ತಿತ್ತು. ಕಾರ್ಖಾನೆ ಕಾನೂನುಗಳಿಂದ ಪಕ್ಷಕ್ಕೆ ಮತ ಬರುತ್ತದೆ ಎಂದು ಆತನಿಗೆ ಮನವರಿಕೆಯಾಗಿತ್ತು. ಸ್ಮಿತ್ ಸಂಘಟನೆಯ ಒಳಗಿನವರೇ ಆಗಿದ್ದರಿಂದ ಅವರ ಮಾತು ಅಲ್ಲಿ ನಡೆಯಿತು. ಹೊರಗಿನ ಸುಧಾರಕರಿಗೆ ಆ ಮತಗಳು ದಕ್ಕುತ್ತಿರಲಿಲ್ಲ.

ಆದರೆ ಅದೇ 1913ರಲ್ಲಿ ಸ್ಪೀಕರ್ ಆಗಿದ್ದ ಸ್ಮಿತ್ ಅವರ ಹೆಸರಿಗೆ ಒಂದು ಕಲೆಯೂ ಅಂಟಿತು. ಟ್ಯಾಮನಿ ಬೆಂಬಲದಿಂದ ಗವರ್ನರ್ ಆಗಿದ್ದ ವಿಲಿಯಂ ಸಲ್ಜರ್ ಮರ್ಫಿಯ ಮಾತು ಕೇಳುವುದನ್ನು ನಿಲ್ಲಿಸಿದರು. ಆಗಸ್ಟಿನಲ್ಲಿ, ರಾತ್ರಿಯಿಡೀ ನಡೆದ ಕಲಾಪದಲ್ಲಿ ಅಸೆಂಬ್ಲಿ ಅವರ ವಿರುದ್ಧ ಮಹಾಭಿಯೋಗ ಅಂಗೀಕರಿಸಿತು. ಅಕ್ಟೋಬರಿನಲ್ಲಿ ಅವರನ್ನು ಪದಚ್ಯುತಗೊಳಿಸಲಾಯಿತು. ಚುನಾವಣಾ ದೇಣಿಗೆಯ ಆರೋಪಗಳಲ್ಲಿ ಹುರುಳಿತ್ತು, ನಿಜ. ಆದರೆ ಮರ್ಫಿಗೆ ತಲೆಬಾಗಿದ್ದರೆ ಆ ಆರೋಪಗಳು ಹೊರಬರುತ್ತಲೇ ಇರಲಿಲ್ಲ. ಪೀಠದಲ್ಲಿ ಕುಳಿತು ಇದನ್ನು ನಡೆಸಿಕೊಟ್ಟವರು ಸ್ಮಿತ್. ಅವರ ಮೇಲಿನ ನನ್ನ ಗೌರವ ಈ ಘಟನೆಯನ್ನು ಮರೆಮಾಚುವುದಿಲ್ಲ.

1915ರಲ್ಲಿ ನ್ಯೂಯಾರ್ಕ್ ತನ್ನ ಸಂವಿಧಾನದ ಪರಿಷ್ಕರಣೆಗೆ ಸಮಾವೇಶ ನಡೆಸಿತು. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಸಂವಿಧಾನವಿದೆ. ಅಧ್ಯಕ್ಷತೆ ವಹಿಸಿದ್ದವರು ರಿಪಬ್ಲಿಕನ್ ಪಕ್ಷದ ಹಿರಿಯ ಮುತ್ಸದ್ದಿ, ಹೆಸರಾಂತ ವಕೀಲ ಎಲಿಹು ರೂಟ್. ಅಷ್ಟೂ ಪ್ರತಿನಿಧಿಗಳಲ್ಲಿ ರಾಜ್ಯದ ಆಡಳಿತವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಸ್ಮಿತ್ ಎಂದು ಮೆಚ್ಚಿದವರು ರೂಟ್ ಅವರೇ. ಆ ಕರಡು ಸಂವಿಧಾನವನ್ನು ಮತದಾರರು ತಿರಸ್ಕರಿಸಿದರು. ಅದರಲ್ಲಿದ್ದ ಆಡಳಿತ ಸುಧಾರಣೆಯ ಅಂಶಗಳನ್ನು ಮಾತ್ರ ಸ್ಮಿತ್ ಮರೆಯಲಿಲ್ಲ.

ನಡುವೆ ಶೆರಿಫ್, ನಗರ ಸಭೆಯ ಅಧ್ಯಕ್ಷ, ಹೀಗೆ ಕೆಲವು ಹುದ್ದೆಗಳು ಬಂದುಹೋದವು. 1918ರಲ್ಲಿ ಸುಮಾರು ಹದಿನೈದು ಸಾವಿರ ಮತಗಳ ಅಂತರದಿಂದ ಗವರ್ನರ್ ಆದರು. ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನ ನೇರವಾಗಿ ಆರಿಸುವ, ಆಡಳಿತದ ಪೂರ್ಣ ಹೊಣೆ ಹೊತ್ತ ಮುಖ್ಯಸ್ಥ. ಆಗ ಅವಧಿ ಎರಡೇ ವರ್ಷ. 1920ರಲ್ಲಿ ಸೋತು, 1922, 1924, 1926ರಲ್ಲಿ ಸತತವಾಗಿ ಗೆದ್ದರು. 1920ರ ಸೋಲೂ ಗಮನಾರ್ಹವೇ. ಅವರ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆ ರಾಜ್ಯವನ್ನು ಹತ್ತು ಲಕ್ಷಕ್ಕೂ ಹೆಚ್ಚು ಮತಗಳಿಂದ ಕಳೆದುಕೊಂಡಾಗ ಸ್ಮಿತ್ ಸೋತದ್ದು ಸುಮಾರು ಎಪ್ಪತ್ತೈದು ಸಾವಿರದಿಂದ.

ಆ ವರ್ಷದ ಆರಂಭದಲ್ಲಿ ಅವರು ತೋರಿದ ಧೈರ್ಯವನ್ನು ಹೇಳದೆ ಮುಂದೆ ಹೋಗಲಾರೆ. ರಷ್ಯಾದ ಕ್ರಾಂತಿಯ ಭೀತಿ ದೇಶವನ್ನೆಲ್ಲ ಆವರಿಸಿದ್ದ ಕಾಲ. ಅಸೆಂಬ್ಲಿಗೆ ಆಯ್ಕೆಯಾಗಿದ್ದ ಐವರು ಸೋಷಲಿಸ್ಟ್ ಸದಸ್ಯರನ್ನು ಅಧಿವೇಶನದ ಮೊದಲ ದಿನವೇ ಅಮಾನತು ಮಾಡಿ, ಏಪ್ರಿಲಿನಲ್ಲಿ ಹೊರಹಾಕಲಾಯಿತು. ಸ್ಮಿತ್ ಅವರ ಪಕ್ಷದವರಲ್ಲೂ ಬಹುತೇಕರು ಅಮಾನತಿಗೆ ಕೈ ಎತ್ತಿದ್ದರು. ಸೋಷಲಿಸ್ಟ್ ತತ್ವವನ್ನು ತಾನು ಒಪ್ಪುವುದಿಲ್ಲವಾದರೂ, ಕಾನೂನುಬದ್ಧವಾಗಿ ಗೆದ್ದ ಅಲ್ಪಸಂಖ್ಯಾತ ಪಕ್ಷದ ಪ್ರಾತಿನಿಧ್ಯ ಕಸಿಯುವುದು ಪ್ರಜಾಪ್ರಭುತ್ವಕ್ಕೇ ಪೆಟ್ಟು ಎಂದು ಗವರ್ನರ್ ಬಹಿರಂಗವಾಗಿ ಖಂಡಿಸಿದರು. ಶಿಕ್ಷಕರ ನಿಷ್ಠೆಯನ್ನು ಸರ್ಕಾರ ಅಳೆದು ಪ್ರಮಾಣಪತ್ರ ಕೊಡುವ, ಖಾಸಗಿ ಶಾಲೆಗಳನ್ನು ಪರವಾನಗಿಯ ಹಿಡಿತಕ್ಕೆ ತರುವ ಲಸ್ಕ್ ಮಸೂದೆಗಳನ್ನು ವೀಟೊ ಮಾಡಿದರು. ಅದು ಚುನಾವಣೆಯ ವರ್ಷ. ಮುಂದಿನ ಗವರ್ನರ್ ಕಾಲದಲ್ಲಿ ಆ ಕಾನೂನುಗಳು ಜಾರಿಗೆ ಬಂದವು. ಮತ್ತೆ ಅಧಿಕಾರಕ್ಕೆ ಬಂದ ಸ್ಮಿತ್ 1923ರಲ್ಲಿ ಅವನ್ನು ತೆಗೆದುಹಾಕಿಸಿದರು.

ಗವರ್ನರ್ ಆಗಿ ಅವರು ಕಟ್ಟಿದ್ದರಲ್ಲಿ ದೊಡ್ಡದು ಆಡಳಿತದ ಪುನರ್ರಚನೆ. ವಿಷಯ ಒಣಗಿದ್ದು ಎನಿಸಬಹುದು, ಸ್ವಲ್ಪ ತಾಳ್ಮೆಯಿಂದ ಕೇಳಿ. ರಾಜ್ಯದಲ್ಲಿ ನೂರ ಎಂಬತ್ತಕ್ಕೂ ಹೆಚ್ಚು ಮಂಡಳಿ, ಆಯೋಗ, ಇಲಾಖೆಗಳಿದ್ದವು. ಹಲವು ಗವರ್ನರ್ ಮಾತು ಕೇಳಬೇಕಾಗಿರಲಿಲ್ಲ. ಪ್ರತಿಯೊಂದೂ ತನಗೆ ಬೇಕಾದ ಹಣವನ್ನು ನೇರವಾಗಿ ಶಾಸನಸಭೆಯ ಸಮಿತಿಗಳಿಂದ ಬೇಡಿ ಪಡೆಯುತ್ತಿತ್ತು. ರಾಜ್ಯದ ಒಟ್ಟು ಖರ್ಚಿಗೆ ಯಾರು ಹೊಣೆ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. 1919ರಲ್ಲಿ ಸ್ಮಿತ್ ನೇಮಿಸಿದ ಪುನರ್ನಿರ್ಮಾಣ ಆಯೋಗವನ್ನು ನಡೆಸಿದವರು ಅವರ ಅತ್ಯಂತ ಆಪ್ತ ಸಲಹೆಗಾರ್ತಿ ಬೆಲ್ ಮಾಸ್ಕೊವಿಟ್ಜ್. ಸಭೆಗಳಲ್ಲಿ ಮೂಲೆಯಲ್ಲಿ ಕುಳಿತು ಹೆಣಿಗೆ ಹಾಕುತ್ತಾ ಇರುತ್ತಿದ್ದ ಆಕೆಯ ಅಭಿಪ್ರಾಯ ಕೇಳದೆ ಸ್ಮಿತ್ ದೊಡ್ಡ ತೀರ್ಮಾನ ಕೈಗೊಳ್ಳುತ್ತಿರಲಿಲ್ಲ. ವರದಿ ಸಿದ್ಧಪಡಿಸಿದ ಯುವಕ ರಾಬರ್ಟ್ ಮೋಸೆಸ್, ಮುಂದೆ ನ್ಯೂಯಾರ್ಕಿನ ಉದ್ಯಾನ, ರಸ್ತೆ, ಸೇತುವೆಗಳ ಅಧಿಪತಿಯಾದವರು. ರಿಪಬ್ಲಿಕನ್ ಬಹುಮತದ ಶಾಸನಸಭೆ ಈ ಪುನರ್ರಚನೆಗೆ ಅಡ್ಡ ನಿಂತಾಗ ಸ್ಮಿತ್ ರೇಡಿಯೊದಲ್ಲಿ, ಸಾರ್ವಜನಿಕ ಸಭೆಗಳಲ್ಲಿ ಲೆಕ್ಕಪತ್ರಗಳನ್ನು ಜನರ ಮುಂದಿಟ್ಟರು. ದಾಖಲೆ ಏನು ಹೇಳುತ್ತದೆ ನೋಡೋಣ ಎಂಬುದು ಅವರ ಮಾತಿನ ವರಸೆ. ಒಂದು ಹಳೆಯ ಲಕೋಟೆಯ ಮೇಲೆ ನಾಲ್ಕು ಅಂಕಿ ಗೀಚಿಕೊಂಡು ಬಂದು ಗಂಟೆಗಟ್ಟಲೆ ಬಜೆಟ್ ವಿವರಿಸುತ್ತಿದ್ದರು, ಜನ ಕೂತು ಕೇಳುತ್ತಿದ್ದರು. 1925ರಲ್ಲಿ ಮತದಾರರು ಸಂವಿಧಾನ ತಿದ್ದುಪಡಿಗೆ ಒಪ್ಪಿದರು. ಇಲಾಖೆಗಳನ್ನು ಇಪ್ಪತ್ತರೊಳಗೆ ತರುವ ಯೋಜನೆ ರೂಪಿಸಲು ಸ್ಮಿತ್ ತಮ್ಮ ಹಳೆಯ ಎದುರಾಳಿ ಹ್ಯೂಸ್ ಅವರ ನೆರವನ್ನೇ ಪಡೆದರು. 1927ರಲ್ಲಿ, ಗವರ್ನರ್ ಸಿದ್ಧಪಡಿಸಿ ಮಂಡಿಸುವ ಒಂದೇ ಬಜೆಟ್ ಎಂಬ ಪದ್ಧತಿಯೂ ಸಂವಿಧಾನದಲ್ಲಿ ಸೇರಿತು.

1928ರ ಕಥೆಯನ್ನು ಚುಟುಕಾಗಿ ಮುಗಿಸುತ್ತೇನೆ. ದೊಡ್ಡ ಪಕ್ಷವೊಂದು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ ಮೊದಲ ಕ್ಯಾಥೊಲಿಕ್ ಅಭ್ಯರ್ಥಿ ಅವರು. ಜತೆಗೆ ಪಾನನಿಷೇಧದ ವಿರೋಧಿ. ಅವರ ರೈಲು ಓಕ್ಲಹೋಮ ದಾಟುವಾಗ ಹಳಿಯ ಪಕ್ಕದ ಬಯಲಿನಲ್ಲಿ ಕರಿಯರನ್ನೂ ಕ್ಯಾಥೊಲಿಕರನ್ನೂ ದ್ವೇಷಿಸುವ ಗುಪ್ತ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನವರು ಶಿಲುಬೆಗಳನ್ನು ಸುಟ್ಟರು. ಹೂವರ್‌ಗೆ ಅಧ್ಯಕ್ಷರನ್ನು ಆರಿಸುವ ಚುನಾಯಕರ 444 ಮತ, ಸ್ಮಿತ್‌ಗೆ 87. ತಮ್ಮದೇ ನ್ಯೂಯಾರ್ಕನ್ನೂ ಕಳೆದುಕೊಂಡರು. ದೇಶ ಸಮೃದ್ಧಿಯಲ್ಲಿದೆ ಎಂದು ಜನ ನಂಬಿದ್ದ ಆ ವರ್ಷ ಯಾವ ಡೆಮಾಕ್ರಟನೂ ಗೆಲ್ಲುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಧರ್ಮದ ಹೆಸರಿನಲ್ಲಿ ಬಿದ್ದ ಕೆಸರು ಅವರನ್ನು ಕೊನೆಯವರೆಗೂ ನೋಯಿಸಿತು.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಇಷ್ಟೆಲ್ಲ ಮಾಡಿದವರು 1930ರ ದಶಕದಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ನ್ಯೂ ಡೀಲ್ ಕಾರ್ಯಕ್ರಮವನ್ನು (ಆರ್ಥಿಕ ಕುಸಿತ ಎದುರಿಸಲು ಕೇಂದ್ರ ಸರ್ಕಾರ ಕೈಗೊಂಡ ಕ್ರಮಗಳು) ವಿರೋಧಿಸಿದ್ದೇಕೆ? ಅದರ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ವೈಯಕ್ತಿಕ ನೋವು ಒಂದು ಕಾರಣ. ರೂಸ್‌ವೆಲ್ಟ್ ಅವರನ್ನು 1928ರಲ್ಲಿ ಗವರ್ನರ್ ಸ್ಥಾನಕ್ಕೆ ನಿಲ್ಲುವಂತೆ ಒತ್ತಾಯಿಸಿದವರು ಸ್ಮಿತ್. ಗೆದ್ದ ರೂಸ್‌ವೆಲ್ಟ್ ಮಾಸ್ಕೊವಿಟ್ಜ್ ಅವರನ್ನು ಉಳಿಸಿಕೊಳ್ಳಲಿಲ್ಲ, ಸ್ಮಿತ್ ಅವರ ಸಲಹೆಯನ್ನೂ ಕೇಳಲಿಲ್ಲ. 1932ರಲ್ಲಿ ಅಧ್ಯಕ್ಷೀಯ ಟಿಕೆಟ್ ಕೂಡ ರೂಸ್‌ವೆಲ್ಟ್ ಪಾಲಾಯಿತು. ಈ ಹೊತ್ತಿಗೆ ಸ್ಮಿತ್ ಎಂಪೈರ್ ಸ್ಟೇಟ್ ಕಟ್ಟಡದ ಕಂಪನಿಗೆ ಅಧ್ಯಕ್ಷರಾಗಿ ಶ್ರೀಮಂತ ಉದ್ಯಮಿಗಳ ಒಡನಾಟದಲ್ಲಿದ್ದರು. 1936ರ ಜನವರಿಯಲ್ಲಿ ನ್ಯೂ ಡೀಲ್ ವಿರೋಧಿಗಳ ಸಂಘಟನೆಯಾದ ಲಿಬರ್ಟಿ ಲೀಗ್‌ನ ಔತಣಕೂಟದಲ್ಲಿ ರೂಸ್‌ವೆಲ್ಟ್ ವಿರುದ್ಧ ಕಟುವಾಗಿ ಮಾತಾಡಿದರು; ಆ ವರ್ಷ ರಿಪಬ್ಲಿಕನ್ ಅಭ್ಯರ್ಥಿಯನ್ನು ಬೆಂಬಲಿಸಿದರು. ಆ ಭಾಷಣ ಓದಿದಾಗ ನನಗೆ ದುಃಖವಾಗುತ್ತದೆ.

ಆದರೆ ಅಸಮಾಧಾನವೊಂದೇ ಪೂರ್ತಿ ಉತ್ತರವಲ್ಲ. ಕಾರ್ಖಾನೆ, ಶಾಲೆ, ಆಸ್ಪತ್ರೆ, ಉದ್ಯಾನ ಇವೆಲ್ಲ ರಾಜ್ಯಗಳ ಕೆಲಸ, ಜನರಿಗೆ ಹತ್ತಿರವಿರುವ ಸರ್ಕಾರದ ಕೆಲಸ ಎಂದು ಅವರು ಮೊದಲಿನಿಂದಲೂ ನಂಬಿದ್ದರು. ವಾಷಿಂಗ್ಟನ್ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಳ್ಳುವುದು ಅವರಿಗೆ ಒಗ್ಗಲಿಲ್ಲ. 1930ರ ದಶಕದ ಆರ್ಥಿಕ ಕುಸಿತದ ಮುಂದೆ ರಾಜ್ಯಗಳ ಬೊಕ್ಕಸ ಬರಿದಾಗಿತ್ತು ಎಂಬ ಸತ್ಯಕ್ಕೆ ಅವರು ಸರಿಯಾದ ತೂಕ ಕೊಡಲಿಲ್ಲ. ಅದೇ ವೇಳೆಗೆ, ಅವರ ಜತೆ ಕಾರ್ಖಾನೆಗಳನ್ನು ಸುತ್ತಿದ್ದ ವ್ಯಾಗ್ನರ್ ಅಮೆರಿಕದ ಸೆನೆಟ್ಟಿನಲ್ಲಿ 1935ರ ಕಾರ್ಮಿಕ ಸಂಘಟನೆಯ ಹಕ್ಕಿನ ಕಾನೂನನ್ನು ರೂಪಿಸಿದರು. 1919ರಲ್ಲಿ ಸ್ಮಿತ್ ಅವರೇ ರಾಜ್ಯದ ಕೈಗಾರಿಕಾ ಆಯೋಗಕ್ಕೆ ನೇಮಿಸಿದ್ದ ಪರ್ಕಿನ್ಸ್ ರೂಸ್‌ವೆಲ್ಟ್ ಸಂಪುಟದ ಕಾರ್ಮಿಕ ಸಚಿವೆಯಾದರು. ಅಮೆರಿಕದ ಸಂಪುಟಕ್ಕೆ ಬಂದ ಮೊದಲ ಮಹಿಳೆ ಅವರು. ನ್ಯೂ ಡೀಲ್ ಹುಟ್ಟಿದ್ದು ಟ್ರಯಾಂಗಲ್ ಕಾರ್ಖಾನೆ ಸುಟ್ಟ ದಿನ ಎಂದು ಪರ್ಕಿನ್ಸ್ ಹೇಳುತ್ತಿದ್ದರು. ಆ ಮಾತು ನಿಜವೆಂದು ಒಪ್ಪುವುದಾದರೆ, 1936ರಲ್ಲಿ ಸ್ಮಿತ್ ವಿರೋಧಿಸಿದ್ದು ಬಹುಮಟ್ಟಿಗೆ ಆಲ್ಬನಿಯಲ್ಲಿ ತಾವೇ ಬರೆದು, ತಾವೇ ಮತ ಕೂಡಿಸಿ ಗೆಲ್ಲಿಸಿದ್ದ ಕಾನೂನುಗಳ ಮುಂದುವರಿಕೆಯನ್ನು.